ಒಡವೆ ಸಿಕ್ಕಿತು ಸರಿ, ಕೊಲೆಯ ಸಾಕ್ಷ್ಯ ಎಲ್ಲಿದೆ? ಸುಲಿಗೆ-ಕೊಲೆ ಅಪೀಲು ಬರೆಯುವ ಬಗೆ

ಒಂಟಿ ಮನೆ. ಹಿತ್ತಲ ಬಾಗಿಲು ತೆರೆದಿದೆ. ಒಳಗೆ ವಯಸ್ಸಾದ ಹೆಂಗಸಿನ ಶವ, ಕೊರಳಲ್ಲಿದ್ದ ಸರ ಇಲ್ಲ. ಹತ್ತೋ ಹದಿನೈದೋ ದಿನಕ್ಕೆ ಮೂವರು ಸಿಕ್ಕಿಬೀಳುತ್ತಾರೆ, ಗಿರವಿ ಅಂಗಡಿಯಿಂದ ಸರ ವಾಪಸ್ ಬರುತ್ತದೆ, ಮೂರ್ನಾಲ್ಕು ವರ್ಷಕ್ಕೆ ಸೆಷನ್ಸ್ ಕೋರ್ಟು ಮೂವರಿಗೂ ಜೀವಾವಧಿ ವಿಧಿಸುತ್ತದೆ. ಭಾರತೀಯ ದಂಡ ಸಂಹಿತೆಯ 302 (ಕೊಲೆ), 392 (ಸುಲಿಗೆ), 397 (ಮಾರಕಾಸ್ತ್ರದ ಸುಲಿಗೆ), 449 (ಮನೆಗೆ ನುಗ್ಗಿದ್ದು), 201 (ಸಾಕ್ಷ್ಯನಾಶ). ಎಲ್ಲಕ್ಕೂ ಕಲಂ 34ರ ಬಾಲ: ಸಮಾನ ಉದ್ದೇಶದಿಂದ ಹಲವರು ಸೇರಿ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಹೈಕೋರ್ಟಿಗೆ ಬರುವ ಸುಲಿಗೆ-ಕೊಲೆ ಅಪೀಲುಗಳು ಬಹಳಷ್ಟು ಇದೇ ಅಚ್ಚಿನವು.

ಇಂಥ ತೀರ್ಪನ್ನು ಓದುವಾಗ ಹುಡುಕಬೇಕಾದದ್ದು ಒಂದು ಜಾಗ: ಸುಲಿಗೆಯ ಸಾಕ್ಷ್ಯವನ್ನು ನ್ಯಾಯಾಲಯ ಯಾವ ಪ್ಯಾರಾದಲ್ಲಿ ಕೊಲೆಯ ಸಾಕ್ಷ್ಯವಾಗಿ ಎಣಿಸಿತು? ಹೆಚ್ಚಿನ ತೀರ್ಪುಗಳಲ್ಲಿ ಆ ದಾಟುವಿಕೆ ಒಂದೇ ವಾಕ್ಯದಲ್ಲಿ ಮುಗಿದಿರುತ್ತದೆ. 'ಮೃತಳ ಒಡವೆಗಳು ಆರೋಪಿಗಳ ತೋರಿಕೆಯ ಮೇರೆಗೆ ಸಿಕ್ಕಿವೆ, ಆದ್ದರಿಂದ ಕೊಲೆ ಮಾಡಿದವರೂ ಇವರೇ.' ಆ 'ಆದ್ದರಿಂದ'ದ ಮೇಲೆಯೇ ಅಪೀಲು ನಿಲ್ಲುತ್ತದೆ, ಅಲ್ಲಿಯೇ ಬೀಳುತ್ತದೆ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಈ ದಾಟುವಿಕೆಯನ್ನು ಕಾನೂನೇ ಮಾಡಿಕೊಡುತ್ತದೆ. ಅಲ್ಲಿ 'ಫೆಲನಿ ಮರ್ಡರ್' ಎಂಬ ನಿಯಮವಿದೆ: ಸುಲಿಗೆಯಂಥ ಘೋರ ಅಪರಾಧ ನಡೆಯುವಾಗ ಯಾರಾದರೂ ಸತ್ತರೆ, ಕೊಲ್ಲುವ ಉದ್ದೇಶ ಇಲ್ಲದಿದ್ದರೂ ಅದು ಕೊಲೆಯೇ. ಹೊರಗೆ ಕಾರಿನಲ್ಲಿ ಕೂತಿದ್ದವನೂ ಕೊಲೆಗಾರನಾಗುತ್ತಿದ್ದ. ಕ್ಯಾಲಿಫೋರ್ನಿಯಾ 2019ರ ಜನವರಿ 1ರಿಂದ ಇದನ್ನು ಬಹಳ ಬಿಗಿಮಾಡಿತು. ಇಂಗ್ಲೆಂಡ್ 1957ರಲ್ಲೇ ಕೈಬಿಟ್ಟಿತ್ತು. ನಮ್ಮಲ್ಲಿ ಕಲಂ 300ರ ಕೊಲೆಯ ವ್ಯಾಖ್ಯೆಯೊಳಗೆ ಇಂಥ ನಿಯಮ ಇಲ್ಲ. ಅದರ ದಾಯಾದಿಯೊಂದು ಬೇರೆ ಕಡೆ ಇದೆ, ಅದಕ್ಕೊಂದು ಸಂಖ್ಯೆಯ ಷರತ್ತೂ ಇದೆ.

ಐದು ಎಂಬ ಲೆಕ್ಕ

ದಂಡ ಸಂಹಿತೆಯ 396, ಈಗಿನ ಭಾರತೀಯ ನ್ಯಾಯ ಸಂಹಿತೆಯ 310(3), ಹೇಳುವುದಿಷ್ಟು: ಐದು ಅಥವಾ ಹೆಚ್ಚು ಮಂದಿ ಒಟ್ಟಾಗಿ ದರೋಡೆ ಮಾಡುವಾಗ ಅವರಲ್ಲೊಬ್ಬ ಕೊಲೆ ಮಾಡಿದರೆ ಎಲ್ಲರೂ ಅದಕ್ಕೆ ಹೊಣೆ. ಚಾಕು ಹಿಡಿದವನಷ್ಟೇ ಬಾಗಿಲು ಕಾದವನೂ. ಕೊಲ್ಲುವ ಸಮಾನ ಉದ್ದೇಶವನ್ನು ಪ್ರಾಸಿಕ್ಯೂಷನ್ ರುಜುಪಡಿಸಬೇಕಿಲ್ಲ. ಹಳೆಯ ಕಲಮಿನಡಿ ಮರಣದಂಡನೆ, ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗಿನ ಕಠಿಣ ಸಜೆ. ಹೊಸದರಲ್ಲಿ ಕೊನೆಯದು ತಿರುವುಮುರುವಾಗಿ, ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಸಜೆ ಎಂದಾಗಿದೆ. ಕೃತ್ಯ 2024ರ ಜುಲೈ 1ಕ್ಕೆ ಮುಂಚಿನದಾದರೆ ಹಳೆಯ ಕಲಮೇ ಅನ್ವಯ. ದಂಡಾದೇಶದಲ್ಲಿ ಇವೆರಡು ಬೆರೆತಿವೆಯೇ ಎಂದು ಮೊದಲು ನೋಡಿಕೊಳ್ಳಿ.

ಹಾಗಾಗಿ 396ರ ಅಪೀಲಿನಲ್ಲಿ ಮೊದಲ ಕೆಲಸ ತಲೆ ಎಣಿಸುವುದು. ಐವರ ಮೇಲೆ ಆರೋಪ ಹೊರಿಸಿ, ಇಬ್ಬರನ್ನು ಬಿಡುಗಡೆ ಮಾಡಿ, ಉಳಿದ ಮೂವರಿಗೆ 396ರಡಿ ಶಿಕ್ಷೆ ಕೊಟ್ಟ ತೀರ್ಪು ಅಪರೂಪವಲ್ಲ. ಐದಕ್ಕಿಂತ ಹೆಚ್ಚು ಜನ ಇದ್ದರು, ಕೆಲವರ ಗುರುತು ಪತ್ತೆಯಾಗಲಿಲ್ಲ ಎಂಬ ತೀರ್ಮಾನ ತೀರ್ಪಿನಲ್ಲಿದ್ದರೆ ಆ ಶಿಕ್ಷೆ ನಿಲ್ಲಬಹುದು. ಆರೋಪ ಇದ್ದದ್ದೇ ಈ ಐವರ ಮೇಲೆ, ಆರನೆಯವನ ಮಾತೇ ಇಲ್ಲ, ಇಬ್ಬರು ಆ ಜಾಗದಲ್ಲೇ ಇರಲಿಲ್ಲ ಎಂದಾದರೆ ಉಳಿದದ್ದು ಮೂವರ ಸುಲಿಗೆ, ದರೋಡೆಯಲ್ಲ. ಆಗ 396 ಕುಸಿಯುತ್ತದೆ. ಕೊಲೆಗೆ ಪ್ರಾಸಿಕ್ಯೂಷನ್ ಕಲಂ 34ರ ಹಾದಿಯನ್ನೇ ಹಿಡಿಯಬೇಕು. ಪ್ರಥಮ ವರ್ತಮಾನ ವರದಿಯಲ್ಲಿ 'ನಾಲ್ಕೈದು ಜನ' ಎಂದಿದ್ದರೆ ಆ ಪದವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಬೇಕು. ನಾಲ್ಕಕ್ಕೂ ಐದಕ್ಕೂ ನಡುವೆ ಇಲ್ಲಿ ಒಂದು ಇಡೀ ಕಲಮಿನ ಅಂತರವಿದೆ.

ಐವರಿಗಿಂತ ಕಡಿಮೆ ಜನರಿಗೂ ಇಂಥದ್ದೇ ಒಂದು ಬಲೆ ಇದೆ, ಅದು ಕಲಂ 460, ಈಗಿನ 331(8). ರಾತ್ರಿ ಹೊಂಚುಹಾಕಿ ಮನೆಗೆ ನುಗ್ಗಿದಾಗ ಅವರಲ್ಲೊಬ್ಬ ಬೇಕೆಂದೇ ಸಾವು ಉಂಟುಮಾಡಿದರೆ ಜೊತೆಗಿದ್ದ ಎಲ್ಲರಿಗೂ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಸಜೆ. 302/34 ಬಿದ್ದರೂ ಈ ಕಲಂ ಉಳಿದೀತು. ಮೆಮೊ, ಅಂದರೆ ಆಧಾರಗಳನ್ನು ಪಟ್ಟಿಮಾಡುವ ಅಪೀಲು ಪತ್ರ, ಬರೆಯುವಾಗ ಇದನ್ನು ಮರೆತವರು ವಾದದ ದಿನ ಪೀಠದ ಪ್ರಶ್ನೆಗೆ ತಡವರಿಸುತ್ತಾರೆ.

ಹೊರಗೆ ನಿಂತವನು

ಕಲಂ 34 ಬಂದಾಗಲೆಲ್ಲ ಪ್ರಾಸಿಕ್ಯೂಷನ್ ತೆಗೆಯುವ ಹಳೆಯ ಅಸ್ತ್ರ 1925ರ ಬರೇಂದ್ರ ಕುಮಾರ್ ಘೋಷ್ ತೀರ್ಪು. 1923ರಲ್ಲಿ ಕಲ್ಕತ್ತೆಯ ಶಂಕರಿಟೋಲಾ ಅಂಚೆ ಕಚೇರಿಗೆ ಕೆಲವರು ನುಗ್ಗಿ, ಹಣ ಎಣಿಸುತ್ತಿದ್ದ ಪೋಸ್ಟ್‌ಮಾಸ್ಟರ್‌ಗೆ ಗುಂಡು ಹೊಡೆದರು. ತಾನು ಅಂಗಳದಲ್ಲಿ ನಿಂತಿದ್ದೆ, ಗುಂಡು ಹಾರಿಸಲಿಲ್ಲ ಎಂಬುದು ಆರೋಪಿಯ ವಾದ. ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಕಾವಲು ನಿಂತವನೂ ಆ ಕೃತ್ಯದ ಭಾಗಿಯೇ ಎಂದಿತು.

ಈ ತೀರ್ಪಿಗೆ ಹೆದರಿ ಎರಡನೇ, ಮೂರನೇ ಆರೋಪಿಯ ಪರ 34ರ ವಾದವನ್ನೇ ಬಿಡುವುದು ದೊಡ್ಡ ತಪ್ಪು. ಅಲ್ಲಿ ಬಂದವರು ಪಿಸ್ತೂಲು ಹಿಡಿದೇ ಬಂದಿದ್ದರು. ನಮ್ಮ ಪ್ರಕರಣದಲ್ಲಿ ಆಯುಧ ಎಲ್ಲಿಯದು? ಮನೆಯೊಳಗಿನ ಒನಕೆಯೋ ಸೀರೆಯ ಸೆರಗೋ ಆಗಿದ್ದರೆ ಕೊಲ್ಲುವ ಯೋಜನೆ ಮೊದಲೇ ಇತ್ತು ಎನ್ನುವುದು ಕಷ್ಟ. ಕದಿಯುವ ಸಮಾನ ಉದ್ದೇಶ ಒಂದು, ಕೊಲ್ಲುವ ಸಮಾನ ಉದ್ದೇಶ ಇನ್ನೊಂದು. ಎರಡನೆಯದು ಸ್ಥಳದಲ್ಲೇ ಮೂಡಬಹುದು, ನಿಜ. ಆದರೆ ಮೂಡಿತು ಎಂಬುದಕ್ಕೆ ಒಂದಾದರೂ ಸಂಗತಿ ಬೇಕು: ಕೈಕಾಲು ಹಿಡಿದದ್ದು, ಬಾಯಿಗೆ ಬಟ್ಟೆ ತುರುಕಿದ್ದು, ಗಾಯಗಳ ಸಂಖ್ಯೆ ಒಬ್ಬನಿಂದ ಆಗುವಂಥದ್ದಲ್ಲ ಎಂಬ ವೈದ್ಯರ ಮಾತು. ಮರಣೋತ್ತರ ಪರೀಕ್ಷೆಯ ವರದಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಬೇಕು.

ಇನ್ನೊಂದು ಪ್ರಶ್ನೆ ಅನುಕ್ರಮದ್ದು. ಕಲಂ 390ರ ಪ್ರಕಾರ ಕಳವು ಸುಲಿಗೆಯಾಗುವುದು ಕಳವು ಮಾಡಲು, ಮಾಡುವಾಗ ಅಥವಾ ಮಾಲು ಸಾಗಿಸುವಾಗ, ಆ ಉದ್ದೇಶಕ್ಕಾಗಿಯೇ ಸಾವು, ಗಾಯ, ತಡೆ ಅಥವಾ ಭಯ ಉಂಟುಮಾಡಿದರೆ. ಜಮೀನಿನ ಜಗಳಕ್ಕೆ ಕೊಂದು, ಹೋಗುವಾಗ ಕೊರಳಿನ ಸರ ಕಿತ್ತುಕೊಂಡರೆ ಅದು ಕೊಲೆ ಮತ್ತು ಬೇರೊಂದು ಅಪರಾಧ. ಸತ್ತವರ ಸ್ವತ್ತನ್ನು ಲಪಟಾಯಿಸಿದ್ದಕ್ಕೆ ಕಲಂ 404 ಪ್ರತ್ಯೇಕವಾಗಿಯೇ ಇದೆ. ಈ ವಾದಕ್ಕೆ ಎರಡೂ ಕಡೆ ಅಲಗು. ಸುಲಿಗೆ ತಪ್ಪಿಸಲು ಹೋಗಿ ದ್ವೇಷದ ಕೊಲೆಯನ್ನು ನೀವೇ ಒಪ್ಪಿಕೊಂಡಂತೆ ಆಗಬಾರದು. ದರೋಡೆ ಬಿಟ್ಟು ಓಡುವಾಗ ಬೆನ್ನಟ್ಟಿದವನನ್ನು ಕೊಂದಿದ್ದರೆ ಅದು 'ದರೋಡೆ ಮಾಡುವಾಗ' ಆದದ್ದೇ ಎಂಬುದೂ ಇದೇ ಜಾತಿಯ ಪ್ರಶ್ನೆ. ಎಷ್ಟು ದೂರ, ಎಷ್ಟು ಹೊತ್ತು, ಮಾಲು ಕೈಯಲ್ಲಿತ್ತೇ, ಬೆನ್ನಟ್ಟುವಿಕೆ ಕಡಿಯದೆ ನಡೆದಿತ್ತೇ: ಇವಿಷ್ಟರ ಮೇಲೆ ಉತ್ತರ.

ದಿನಗಳ ಲೆಕ್ಕ, ಜಾಮೀನಿನ ಅರ್ಜಿ

ಸೆಷನ್ಸ್ ಕೋರ್ಟಿನ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಅಪೀಲು ಸಲ್ಲಿಸಲು 60 ದಿನ, ಮರಣದಂಡನೆಯಾದರೆ 30. ದೃಢೀಕೃತ ನಕಲಿಗೆ ಹಿಡಿದ ದಿನಗಳನ್ನು ಇದರಿಂದ ಕಳೆಯಬಹುದು. ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿ ಉಚಿತ, ಅದನ್ನು ಆ ದಿನವೇ ಕೇಳಿ ಪಡೆಯಬೇಕು. ತಡವಾದರೆ ಮಿತಿ ಕಾಯ್ದೆಯ ಕಲಂ 5ರಡಿ ಅರ್ಜಿ. ಜೈಲಿನಲ್ಲಿರುವವನ ವಿಳಂಬವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಉದಾರವಾಗಿ ನೋಡುತ್ತವೆ, ಆದರೂ ಕಾರಣವನ್ನು ದಿನಾಂಕ ಸಮೇತ ಬರೆಯಿರಿ. ವಕೀಲರನ್ನು ಇಡಲಾಗದವನು ಜೈಲಿನ ಅಧಿಕಾರಿಯ ಕೈಗೇ ಅಪೀಲು ಕೊಡಬಹುದು. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಜೀವಾವಧಿ ಅಪೀಲು ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗುತ್ತದೆ. ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಇಲ್ಲವೇ ಕಲಬುರಗಿ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 374(2) ಎಂದು ಬರೆದು ಪಕ್ಕದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 415(2) ಎಂದೂ ಸೇರಿಸಿಬಿಡುವುದು ಕ್ಷೇಮ. ಸಂಕ್ರಮಣ ಕಾಲದಲ್ಲಿ ಕಚೇರಿ ಆಕ್ಷೇಪಣೆ ಎತ್ತುವುದು ಇಂಥ ಕಡೆಯೇ.

ಶಿಕ್ಷೆ ಅಮಾನತಿಗೆ ಕಲಂ 389 (ಈಗ 430) ಅಡಿ ಐ.ಎ. (ಮಧ್ಯಂತರ ಅರ್ಜಿ) ಹಾಕುವಾಗ ಇಡೀ ಪ್ರಕರಣವನ್ನು ಅದರೊಳಗೆ ತುರುಕಬೇಡಿ. ಈ ಹಂತದಲ್ಲಿ ಸಾಕ್ಷ್ಯದ ಮರುತೂಕ ಆಗದು. ತೀರ್ಪಿನ ಮೈಮೇಲೇ ಕಾಣುವ ದೋಷ ಯಾವುದು ಎಂದಷ್ಟೇ ನೋಡಲಾಗುತ್ತದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಓಂಪ್ರಕಾಶ್ ಸಾಹ್ನಿ ಪ್ರಕರಣದಲ್ಲಿ ಮತ್ತೆ ಹೇಳಿದೆ. ಎರಡು ಪುಟ ಸಾಕು: ಕಣ್ಣಾರೆ ಕಂಡವರಿಲ್ಲ, ಇವನ ಹೆಸರಿನಲ್ಲಿ ಜಪ್ತಿ ಇಲ್ಲ ಅಥವಾ ಜಪ್ತಿಗೆ ಸಾಕ್ಷಿ ನಿಂತ ಪಂಚರಿಬ್ಬರೂ ತಿರುಗಿಬಿದ್ದಿದ್ದಾರೆ, ವಿಚಾರಣೆಯ ಕಾಲದಲ್ಲಿ ಜಾಮೀನಿನಲ್ಲಿದ್ದು ಷರತ್ತು ಮೀರಿಲ್ಲ, ಇಷ್ಟು ವರ್ಷ ಇಷ್ಟು ತಿಂಗಳು ಜೈಲಿನಲ್ಲಿದ್ದಾನೆ. ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು, ಆದ್ದರಿಂದ ಪ್ರತಿ ಮೊದಲೇ ಮುಟ್ಟಿಸಿ. ದಂಡದ ಅಮಾನತನ್ನೂ ಕೇಳಲು ಮರೆಯಬೇಡಿ.

ಮಹಜರನ್ನು ಬಿಚ್ಚುವುದು

ಕೆಳ ನ್ಯಾಯಾಲಯದ ಕಡತ ಬಂದ ಮೇಲೆ ತೀರ್ಪಿನಿಂದ ಓದು ಶುರುಮಾಡುವವರೇ ಹೆಚ್ಚು. ಸುಲಿಗೆ-ಕೊಲೆಯಲ್ಲಿ ಅದು ತಪ್ಪು ತುದಿ. ತೀರ್ಪು ಓದಿದರೆ ನ್ಯಾಯಾಧೀಶರ ಕಥೆ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಕಡತದಲ್ಲಿನ ತೂತು ಕಾಣುವುದಿಲ್ಲ. ಮೊದಲು ದೂರು, ಆಮೇಲೆ ಸ್ಥಳ ಮಹಜರು, ಆಮೇಲೆ ಜಪ್ತಿ ಮಹಜರು, ಆಮೇಲೆ ಪಿ.ಎಫ್. (ಜಪ್ತಿ ಮಾಲಿನ ವಿವರ ಕೋರ್ಟಿಗೆ ಕಳಿಸುವ ನಮೂನೆ), ಆಮೇಲೆ ಸಾಕ್ಷಿಗಳ ಹೇಳಿಕೆ, ತೀರ್ಪು ಕೊನೆಗೆ.

ಒಂದು ದೊಡ್ಡ ಹಾಳೆಯಲ್ಲಿ ಪ್ರತಿ ಮುದ್ದೆಮಾಲಿಗೂ ಒಂದು ಸಾಲು ಹಾಕಿ. ಎಂ.ಓ.-1, ಎರಡೆಳೆ ಅವಲಕ್ಕಿ ಸರ. ದೂರಿನಲ್ಲಿ ಅದರ ವಿವರಣೆ ಏನು, ತೂಕ ಎಷ್ಟು? ದೂರಿನಲ್ಲಿ ಇಲ್ಲದೆ ಮರುದಿನದ ಪುರವಣಿ ಹೇಳಿಕೆಯಲ್ಲಿ ಬಂತೇ, ಅಥವಾ ಜಪ್ತಿಯಾದ ಮೇಲೆ ಬಂತೇ? ಯಾವ ದಿನ, ಎಲ್ಲಿಂದ, ಯಾರ ತೋರಿಕೆಯಿಂದ ಸಿಕ್ಕಿತು? ಪಂಚರು ಯಾರು, ಸ್ಥಳೀಯರೇ, ಠಾಣೆಯ ಖಾಯಂ ಪಂಚರೇ? ಪಿ.ಎಫ್. ಮ್ಯಾಜಿಸ್ಟ್ರೇಟರ ಮುಂದೆ ಹೋದದ್ದು ಯಾವ ದಿನ? ಸ್ಥಳದಲ್ಲೇ ಮೊಹರು ಮಾಡಿದರೇ? ತೂಕ ಹಾಕಿದ ಅಕ್ಕಸಾಲಿಯನ್ನು ಸಾಕ್ಷಿ ಮಾಡಿದರೇ? ಕೋರ್ಟಿನಲ್ಲಿ ಗುರುತಿಸಿದವರು ಯಾರು, ಪಾಟಿ ಸವಾಲಿನಲ್ಲಿ ಏನಾಯಿತು? ಹತ್ತು ಒಡವೆಯಿದ್ದರೆ ಹತ್ತು ಸಾಲು. ಇದು ಬೇಸರದ ಕೆಲಸ, ಆದರೆ ಅಪೀಲಿನ ಅರ್ಧ ಆಧಾರಗಳು ಈ ಹಾಳೆಯಿಂದಲೇ ಹುಟ್ಟುತ್ತವೆ. ದೂರಿನಲ್ಲಿ 40 ಗ್ರಾಂ ಎಂದಿದ್ದ ಸರ ಜಪ್ತಿಯಲ್ಲಿ 31 ಗ್ರಾಂ ಆಗಿದ್ದರೆ ಅದು ಬೇರೆ ಸರ ಇರಬಹುದು. ಕರಗಿಸಿದ ಚಿನ್ನದ ಗಟ್ಟಿ ಸಿಕ್ಕಿದ್ದರೆ ಅದಕ್ಕೆ ಗುರುತೇ ಇಲ್ಲ. ಮಗಳು ಕೋರ್ಟಿನಲ್ಲಿ ನಿಂತು 'ಇದು ನಮ್ಮಮ್ಮನದು' ಎಂದರೂ ಗಟ್ಟಿ ಯಾರದ್ದೂ ಆಗಬಹುದು.

ಇನ್ನು ಸ್ವ-ಇಚ್ಛಾ ಹೇಳಿಕೆ. ಠಾಣೆಯಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಸಾಕ್ಷ್ಯ ಕಾಯ್ದೆಯ 27, ಈಗಿನ ಸಾಕ್ಷ್ಯ ಅಧಿನಿಯಮದ 23ರ ಪರಂತುಕ, ಬಾಗಿಲನ್ನು ಸ್ವಲ್ಪವೇ ತೆರೆಯುತ್ತದೆ: ಆ ಮಾಹಿತಿಯಿಂದ ಒಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಒಳಗೆ ಬರುತ್ತದೆ. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇಂದಿನವರೆಗೂ ಇದೇ ನಿಯಮ. 'ಅಜ್ಜಿಯನ್ನು ಕೊಂದು ಕಿತ್ತುಕೊಂಡ ಸರವನ್ನು ಬಾಳೆತೋಟದ ಪಂಪ್‌ಸೆಟ್ ಮನೆಯಲ್ಲಿ ಇಟ್ಟಿದ್ದೇನೆ, ತೋರಿಸಿಕೊಡುತ್ತೇನೆ' ಎಂಬ ವಾಕ್ಯದಲ್ಲಿ ಉಳಿಯುವುದು 'ಸರವನ್ನು ಪಂಪ್‌ಸೆಟ್ ಮನೆಯಲ್ಲಿ ಇಟ್ಟಿದ್ದೇನೆ' ಎಂಬಷ್ಟೇ. ಅಜ್ಜಿಯನ್ನು ಕೊಂದ ಮಾತು ಹೊರಗೆ. ನಿಶಾನೆ ಪಿ (ಪ್ರಾಸಿಕ್ಯೂಷನ್ ದಾಖಲೆ) ಎಂದು ಇಡೀ ಹೇಳಿಕೆಯನ್ನು ಗುರುತು ಮಾಡಿಸಿ, ತೀರ್ಪಿನಲ್ಲಿ ಅದರ ಸಾರಾಂಶ ಕೊಟ್ಟಿದ್ದರೆ ಅಪೀಲಿನ ಒಂದು ಆಧಾರ ಸಿಕ್ಕಿತು ಎಂದೇ ಲೆಕ್ಕ.

ಆ ಉಳಿದ ತುಣುಕನ್ನು ರುಜುಪಡಿಸುವ ಬಗೆಯಲ್ಲೂ ತನಿಖಾಧಿಕಾರಿಗಳು ಎಡವುತ್ತಾರೆ. ಸುಪ್ರೀಂ ಕೋರ್ಟು 2022ರಲ್ಲಿ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಹೇಳಿದ ಕ್ರಮ ಹೀಗಿದೆ: ಆರೋಪಿ ತೋರಿಸುತ್ತೇನೆ ಎಂದಾಗ ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಬೇಕು, ಅವರೆದುರು ಅವನು ಆಡಿದ ಮಾತನ್ನೇ ಪಂಚನಾಮೆಯ ಮೊದಲ ಭಾಗದಲ್ಲಿ ಬರೆಯಬೇಕು, ಆಮೇಲೆ ಹೊರಟು ಜಪ್ತಿಯ ಭಾಗ ಬರೆಯಬೇಕು. ನಡೆಯುವುದು ಬೇರೆ: ಹೇಳಿಕೆ ಹಿಂದಿನ ರಾತ್ರಿ ಪಂಚರಿಲ್ಲದೆ, ಪಂಚರು ಬರುವುದು ನೇರ ತೋಟಕ್ಕೆ. 2024ರ ಬಾಬು ಸಾಹೇಬಗೌಡ ರುದ್ರಗೌಡರ ಪ್ರಕರಣದಲ್ಲಿ ಕೋರ್ಟು ಇನ್ನೊಂದು ಬಿರುಕು ತೋರಿಸಿತು. ತನಿಖಾಧಿಕಾರಿ ಸಾಕ್ಷಿ ಕಟ್ಟೆಯಲ್ಲಿ 'ಆರೋಪಿ ಹೇಳಿಕೆ ಕೊಟ್ಟ, ಅದು ನಿಶಾನೆ ಪಿ-ಇಷ್ಟು' ಎಂದರೆ ಸಾಲದು. ಅವನು ಏನೆಂದ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ತನಿಖಾಧಿಕಾರಿಯ ಮುಖ್ಯ ವಿಚಾರಣೆಯಲ್ಲಿ ಆ ಮಾತುಗಳಿವೆಯೇ ಎಂದು ಹುಡುಕಿ. ಬಹಳ ಕಡತಗಳಲ್ಲಿ ಇರುವುದಿಲ್ಲ.

ಪಂಚರು ತಿರುಗಿಬಿದ್ದ ಮಾತ್ರಕ್ಕೆ ಜಪ್ತಿ ಬಿದ್ದುಹೋಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪೊಲೀಸ್ ಅಧಿಕಾರಿಯ ಸಾಕ್ಷ್ಯವೊಂದೇ ನಂಬಲರ್ಹವಾಗಿದ್ದರೆ ಸಾಕು ಎಂಬ ತೀರ್ಪುಗಳು ಬೇಕಾದಷ್ಟಿವೆ. ಪಂಚರ ಮೌನದ ಜೊತೆಗೆ ಪಿ.ಎಫ್.ನ ವಿಳಂಬ, ತೂಕದ ವ್ಯತ್ಯಾಸ, ಎಲ್ಲರೂ ಓಡಾಡುವ ತೆರೆದ ಜಾಗ ಇವು ಸೇರಿದಾಗ ವಾದಕ್ಕೆ ಬಲ.

'ಇರಬೇಕು' ಎಂಬ ಪದ

ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ. ಹೈಕೋರ್ಟಿನಲ್ಲಿ ವಾದ ನಡೆಯುವುದು ಇಂಗ್ಲಿಷ್ ಪಠ್ಯದ ಮೇಲೆ. ಈ ನಡುದಾರಿಯಲ್ಲಿ ಬೀಳುವ ವಸ್ತುಗಳನ್ನು ಹೆಕ್ಕುವುದು ಕನ್ನಡ ಬಲ್ಲ ವಕೀಲರ ಸ್ವಂತ ಲಾಭ. ಪಕ್ಕದ ಮನೆಯಾಕೆ 'ಅವತ್ತು ಓಡಿಹೋದವರಲ್ಲಿ ಇವನೂ ಇರಬೇಕು' ಎನ್ನುತ್ತಾಳೆ. ಇಂಗ್ಲಿಷಿಗೆ ಬರುವಾಗ ಆ 'ಇರಬೇಕು' ಉದುರಿ, 'ಇವನೂ ಇದ್ದ' ಎಂದಷ್ಟೇ ಉಳಿಯುತ್ತದೆ. 'ಇಂಥದ್ದೇ ಸರ' ಎಂದದ್ದು 'ಇದೇ ಸರ' ಆಗುತ್ತದೆ. 'ಪೊಲೀಸರು ತೋರಿಸಿದರು, ನಾನು ಗುರುತಿಸಿದೆ' ಎಂಬಲ್ಲಿ ಮೊದಲ ಅರ್ಧವೇ ಮಾಯ. ಪೇಪರ್ ಬುಕ್ (ಹೈಕೋರ್ಟಿಗೆ ಸಿದ್ಧಪಡಿಸಿದ ಕಡತದ ಪ್ರತಿ) ಎಷ್ಟೇ ಚೆಂದ ಟೈಪಾಗಿರಲಿ, ಮುಖ್ಯ ಸಾಕ್ಷಿಗಳ ಮೂಲ ಕನ್ನಡ ಹೇಳಿಕೆಯ ನಕಲು ತರಿಸಿ ಸಾಲುಸಾಲಾಗಿ ಹೋಲಿಸಿ. ವ್ಯತ್ಯಾಸ ಸಿಕ್ಕರೆ ಎರಡೂ ಪಠ್ಯವನ್ನು ಅಕ್ಕಪಕ್ಕ ಇಟ್ಟು ಮೆಮೊಗೆ ಲಗತ್ತಿಸಿ.

ಆರೋಪಿಯನ್ನು ಗುರುತಿಸುವ ವಿಷಯದಲ್ಲಿ, ಮೊದಲೇ ಪರಿಚಯವಿಲ್ಲದವನಾದರೆ ತಹಸೀಲ್ದಾರರ ಮುಂದೆ ಗುರುತು ಪತ್ತೆ ಪರೇಡ್ ಆಗಿದೆಯೇ ನೋಡಿ. ಪರೇಡ್ ಮೂಲ ಸಾಕ್ಷ್ಯವಲ್ಲ, ಕೋರ್ಟಿನಲ್ಲಿ ಗುರುತಿಸಿದ್ದೇ ಮೂಲ. ಹಾಗಾಗಿ ಪರೇಡ್ ಇಲ್ಲ ಎಂಬುದೊಂದೇ ಗೆಲುವು ತರದು. ಆದರೆ ಪರೇಡಿಗೆ ಮುಂಚೆ ಪತ್ರಿಕೆಯಲ್ಲಿ ಮುಖ ಬಂದಿತ್ತೇ, ಠಾಣೆಯಲ್ಲಿ ಕೂರಿಸಿ ತೋರಿಸಿದ್ದರೇ, ಮುಖ ಮುಚ್ಚದೆ ಕೋರ್ಟಿಗೆ ತಂದಿದ್ದರೇ, ಸಾಲಿನಲ್ಲಿ ನಿಲ್ಲಿಸಿದವರು ವಯಸ್ಸು ಮೈಕಟ್ಟಿನಲ್ಲಿ ಹೋಲುತ್ತಿದ್ದರೇ: ಇವು ಪಾಟಿ ಸವಾಲಿನಲ್ಲಿ ಬಂದಿದ್ದರೆ ಬಂಗಾರ. ರಾತ್ರಿಯ ಘಟನೆಯಾದರೆ ಬೆಳಕು ಎಲ್ಲಿಂದ ಬಂತೆಂದು ಸ್ಥಳದ ನಕ್ಷೆಯಲ್ಲಿ ನೋಡಿ. ಬೀದಿದೀಪ ನಕ್ಷೆಯಲ್ಲಿಲ್ಲದೆ ಸಾಕ್ಷಿಯ ಬಾಯಲ್ಲಿ ಮಾತ್ರ ಉರಿಯುತ್ತಿರುವುದುಂಟು.

ಮೊಬೈಲ್ ಟವರಿನ ದಾಖಲೆ ಈಗ ಎಲ್ಲ ಪ್ರಕರಣಗಳಲ್ಲೂ ಇದೆ. ಅದಕ್ಕೆ ಸಾಕ್ಷ್ಯ ಕಾಯ್ದೆಯ 65ಬಿ (ಈಗ 63) ಅಡಿ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಬೇಕೇ ಬೇಕು ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಖಚಿತ ಮಾಡಿದೆ. ಪ್ರಮಾಣಪತ್ರ ಇದ್ದರೂ ಟವರ್ ಹೇಳುವುದು ಪ್ರದೇಶವನ್ನು, ಮನೆಯನ್ನಲ್ಲ.

ಒಡವೆಯಿಂದ ಕೊಲೆಗೆ

ಈಗ ಆ 'ಆದ್ದರಿಂದ'. ಸಾಕ್ಷ್ಯ ಕಾಯ್ದೆಯ 114ರ (ಎ) ದೃಷ್ಟಾಂತ, ಈಗಿನ 119: ಕಳವಾದ ಕೆಲವೇ ಕಾಲದಲ್ಲಿ ಕಳವಿನ ಮಾಲು ಯಾರ ಬಳಿ ಇದೆಯೋ ಅವನು ಕಳ್ಳ, ಇಲ್ಲವೇ ಗೊತ್ತಿದ್ದೂ ಕಳವಿನ ಮಾಲು ಪಡೆದವನು ಎಂದು ಊಹಿಸಬಹುದು, ಅವನು ಸಮಜಾಯಿಷಿ ಕೊಡದಿದ್ದರೆ. ಇದರಲ್ಲಿ 'ಕೊಲೆಗಾರ' ಎಂಬ ಪದ ಇಲ್ಲ. ನ್ಯಾಯಾಲಯಗಳು ಇದನ್ನು ಕೊಲೆಯವರೆಗೆ ಚಾಚಿವೆ, ಆದರೆ ಎಲ್ಲ ಪ್ರಕರಣಗಳಲ್ಲಿ ಅಲ್ಲ.

ಆರೋಪಿಯ ಪರವಾದ ತೀರ್ಪು ಸನ್ವತ್ ಖಾನ್ ವಿರುದ್ಧ ರಾಜಸ್ಥಾನ ರಾಜ್ಯ, 1956ರ ತೀರ್ಪು ವರದಿ ಸಂಗ್ರಹ ಎಐಆರ್‌ನಲ್ಲಿ ಪ್ರಕಟವಾದದ್ದು. ದೇವಸ್ಥಾನದ ಮಹಂತ ಮತ್ತು ಅವರ ಸೇವಕನ ಕೊಲೆ. ಇಬ್ಬರ ಮನೆಯಲ್ಲಿ ಒಂದೊಂದು ವಸ್ತು ಸಿಕ್ಕಿತು, ಬೇರೇನೂ ಇಲ್ಲ. ಕಳವೂ ಕೊಲೆಯೂ ಒಂದೇ ಹೊತ್ತಿಗೆ ನಡೆದವು ಎನ್ನಲು ಬೇರೆ ಯಾವ ಸಾಕ್ಷ್ಯವೂ ಇಲ್ಲದಾಗ ಈ ಒಂಟಿ ಸಂಗತಿಯಿಂದ ಕೊಲೆಯನ್ನು ಊಹಿಸಲಾಗದು ಎಂದು ಕೋರ್ಟು ಹೇಳಿತು.

ಎದುರು ಕಡೆಯ ತೀರ್ಪು ನಮ್ಮ ರಾಜ್ಯದ್ದೇ, 1983ರ ಈರಭದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ. ಸುಳ್ಳು ಹೆಸರು ಹೇಳಿ ಮನೆಗೆಲಸಕ್ಕೆ ಸೇರಿದವನು ಮನೆಯೊಡತಿ ಕೊಲೆಯಾದ ರಾತ್ರಿಯಿಂದಲೇ ನಾಪತ್ತೆ. ಸಿಕ್ಕಿದ್ದು ವರ್ಷದ ಮೇಲೆ, ಒಡವೆ ಮತ್ತು ರೇಷ್ಮೆ ಸೀರೆಗಳ ಸಮೇತ. 'ಕೆಲವೇ ಕಾಲ' ಎಂಬುದಕ್ಕೆ ನಿಗದಿತ ಗಡುವಿಲ್ಲ, ತಲೆಮರೆಸಿಕೊಂಡವನಿಗೆ ವರ್ಷವೂ ಹೆಚ್ಚಲ್ಲ ಎಂದು ಸುಪ್ರೀಂ ಕೋರ್ಟು ಕೊಲೆಯ ಅಪರಾಧವನ್ನು ಎತ್ತಿಹಿಡಿದು, ಮರಣದಂಡನೆಯನ್ನು ಮಾತ್ರ ಜೀವಾವಧಿಗೆ ಇಳಿಸಿತು. ಮನೆಯ ಹೆಂಗಸರು ತಾವು ಬಳಸುವ ವಸ್ತುಗಳನ್ನು ಚೆನ್ನಾಗಿ ಗುರುತಿಸಬಲ್ಲರು, ಅದಕ್ಕೆ ಮುಂಚಿತ ಪರೇಡ್ ಕಡ್ಡಾಯವಲ್ಲ ಎಂದೂ ಹೇಳಿತು. ವಸ್ತುಗಳ ಪರೇಡ್ ಆಗಿಲ್ಲ ಎಂಬ ಒಂದೇ ವಾದ ಹಿಡಿದು ಹೋದವರಿಗೆ ಈ ವಾಕ್ಯ ತಿರುಗೇಟು.

ಈ ಎರಡನ್ನೂ ಒಟ್ಟಿಗೆ ಓದಿದರೆ ಪ್ರಶ್ನೆ ತಿಳಿಯಾಗುತ್ತದೆ. ಈರಭದ್ರಪ್ಪನ ವಿರುದ್ಧ ಒಡವೆಯಲ್ಲದೆ ಬೇರೆ ಕೊಂಡಿಗಳಿದ್ದವು: ಸುಳ್ಳು ಹೆಸರು, ಅದೇ ಮನೆಯ ವಾಸ, ಅದೇ ರಾತ್ರಿ ಪರಾರಿ. ನಿಮ್ಮ ಕಕ್ಷಿದಾರನ ಮೇಲೆ ಅಂಥ ಕೊಂಡಿ ಎಷ್ಟಿವೆ? ಮಾಲು ಕೊಲೆಯ ಹೊತ್ತಿನಲ್ಲಿ ಮೃತಳ ಮೈಮೇಲೆ ಇತ್ತೇ, ಬೀರುವಿನಲ್ಲಿತ್ತೇ? ಮೈಮೇಲಿನ ಮಾಂಗಲ್ಯವಾದರೆ ಕಳವು-ಕೊಲೆ ಒಂದೇ ವ್ಯವಹಾರ ಎನ್ನುವುದು ಸುಲಭ. ಬೀರುವಿನ ಕಾಸಿನ ಸರವಾದರೆ ಅದು ಯಾವಾಗ ಹೋಯಿತು ಎಂದು ಹೇಳುವವರು ಯಾರು? ಸಿಕ್ಕಿದ್ದು ನಾಲ್ಕನೇ ದಿನವೇ, ನಾಲ್ಕನೇ ತಿಂಗಳೇ? 1995ರ ಗುಲಾಬ್ ಚಂದ್ ಪ್ರಕರಣದಲ್ಲಿ ಮೂರ್ನಾಲ್ಕು ದಿನದಲ್ಲೇ ಸಿಕ್ಕಿತ್ತು, ಶಿಕ್ಷೆ ಉಳಿಯಿತು. ಸಾಂದರ್ಭಿಕ ಸಾಕ್ಷ್ಯದ ಸರಪಳಿಗೆ 1984ರ ಶರದ್ ಸಾರ್ಡಾ ತೀರ್ಪಿನ ಐದು ಸೂತ್ರಗಳನ್ನು ಮೆಮೊದಲ್ಲಿ ಪುಟಗಟ್ಟಲೆ ಉದ್ಧರಿಸುವ ಚಾಳಿ ಇದೆ. ಪೀಠಕ್ಕೆ ಅವು ಬಾಯಿಪಾಠ. ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ನಿಶಾನೆಯ ಸಂಖ್ಯೆ, ಪುಟ ಸಮೇತ ತೋರಿಸಿ ಸಾಕು.

ಗಿರವಿ ಅಂಗಡಿಯವನು ಸಾಕ್ಷಿಯಾಗಿದ್ದರೆ ಅವನ ರಸೀದಿ ಪುಸ್ತಕ, ಅದರಲ್ಲಿನ ಸಹಿ, ದಿನಾಂಕ ಹಾಜರಾಗಿವೆಯೇ ನೋಡಿ. ಪುಸ್ತಕವಿಲ್ಲದೆ ಬರೀ ಬಾಯಿಮಾತಿನ ಗಿರವಿ, ತಾನೇ 411ರಲ್ಲಿ (ಕಳವಿನ ಮಾಲು ಪಡೆದದ್ದು) ಸಿಕ್ಕಿಬೀಳುವ ಭಯವಿರುವವನ ಮಾತು.

ದಂಡ ಪ್ರಕ್ರಿಯಾ ಸಂಹಿತೆಯ 313ರಡಿ ನ್ಯಾಯಾಧೀಶರೇ ಆರೋಪಿಯನ್ನು ಕೇಳಿ ದಾಖಲಿಸುವ ಹೇಳಿಕೆಯನ್ನು ಕೊನೆಗೆ ನೋಡುವ ಅಭ್ಯಾಸ ಬಿಡಿ. ಆರೋಪಿಗೆ ಕೇಳಿದ ಪ್ರಶ್ನೆಗಳಲ್ಲಿ ಜಪ್ತಿಯ ಪ್ರಶ್ನೆಯೇ ಇಲ್ಲದಿದ್ದರೆ, ಅಥವಾ ಹತ್ತು ಸಾಕ್ಷಿಗಳ ಮಾತನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿ 'ಏನು ಹೇಳುತ್ತೀರಿ' ಎಂದು ಕೇಳಿ, 'ಸುಳ್ಳು' ಎಂಬ ಉತ್ತರ ಬರೆದಿದ್ದರೆ, ಆ ಸಂಗತಿಯನ್ನು ಅವನ ವಿರುದ್ಧ ಬಳಸಲಾಗದು ಎಂಬ ವಾದಕ್ಕೆ ಜಾಗವಿದೆ. ಇದರಿಂದ ಅವನಿಗೆ ಆದ ಬಾಧೆ ಏನೆಂದು ಹೇಳಬೇಕು. ಕೇಳಿದ್ದರೆ ಯಾವ ಸಮಜಾಯಿಷಿ ಕೊಡುತ್ತಿದ್ದ ಎಂಬುದು ಮೆಮೊದಲ್ಲಿರಲಿ.

ಶಿಕ್ಷೆಯ ಲೆಕ್ಕದಲ್ಲಿನ ತಪ್ಪುಗಳು

397 ಸ್ವತಂತ್ರ ಅಪರಾಧವಲ್ಲ. ಸುಲಿಗೆ ಅಥವಾ ದರೋಡೆಯಲ್ಲಿ ಮಾರಕಾಸ್ತ್ರ ಬಳಸಿದವನಿಗೆ ಅಥವಾ ಘೋರ ಗಾಯ ಮಾಡಿದವನಿಗೆ ಕನಿಷ್ಠ ಏಳು ವರ್ಷ ಎಂದು ಅದು ಹೇಳುತ್ತದೆ. ಅನ್ವಯಿಸುವುದು ಅದನ್ನು ಮಾಡಿದವನಿಗೆ ಮಾತ್ರ. 34 ಸೇರಿಸಿ ಜೊತೆಗಾರರ ತಲೆಗೂ ಕಟ್ಟುವಂತಿಲ್ಲ. 1975ರ ಫೂಲ್ ಕುಮಾರ್ ತೀರ್ಪು ಇದನ್ನು ಇತ್ಯರ್ಥ ಮಾಡಿದೆ. ಕಾಣುವಂತೆ ಹಿಡಿದು ಬೆದರಿಸಿದರೂ ಅದು 'ಬಳಕೆ'ಯೇ ಎಂದೂ ಅದೇ ತೀರ್ಪು ಹೇಳುತ್ತದೆ, ಹಾಗಾಗಿ ಅರ್ಧ ಓದಿ ಉದ್ಧರಿಸಬೇಡಿ. ಮೂವರಿಗೂ 397 ಹಾಕಿದ ತೀರ್ಪುಗಳು ಇಂದಿಗೂ ಬರುತ್ತಿವೆ.

ಎರಡು ಜೀವಾವಧಿಗಳು ಒಂದರ ನಂತರ ಒಂದು ಓಡುವಂತಿಲ್ಲ ಎಂದು 2016ರ ಮುತ್ತುರಾಮಲಿಂಗಂ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ. ಮರಣದಂಡನೆಯಾದರೆ ಹೈಕೋರ್ಟಿನ ದೃಢೀಕರಣವಿಲ್ಲದೆ ಜಾರಿಯಾಗದು. ಆ ಉಲ್ಲೇಖ ಮತ್ತು ಅಪೀಲು ಒಟ್ಟಿಗೇ ನಡೆಯುತ್ತವೆ. ಇಂದೋರಿನ ಸುಲಿಗೆ-ಕೊಲೆಯ 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಕನಿಷ್ಠ 25 ವರ್ಷದ ಜೀವಾವಧಿಗೆ ಇಳಿಸಿ, ಆರೋಪಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನ ನಡತೆಯ ವರದಿಗಳನ್ನು ವಿಚಾರಣಾ ಹಂತದಲ್ಲೇ ತರಿಸಬೇಕು ಎಂದಿದೆ. ಕೆಳಗೆ ಆ ಕೆಲಸ ಆಗಿಲ್ಲದಿದ್ದರೆ ಹೈಕೋರ್ಟಿನಲ್ಲಿ ಮೊದಲ ದಿನವೇ ಕೇಳಿ.

ಪ್ರಾರ್ಥನೆಯ ಭಾಗದಲ್ಲಿ 'ಬಿಡುಗಡೆ ಮಾಡಬೇಕು' ಎಂದು ಒಂದೇ ಸಾಲು ಬರೆದು ಮುಗಿಸುವುದು ಧೈರ್ಯವಲ್ಲ, ಅಜಾಗರೂಕತೆ. ಪರ್ಯಾಯ ಇಟ್ಟುಕೊಳ್ಳಿ: ಕೊಲೆ ರುಜುವಾಗಿಲ್ಲ, ಹೆಚ್ಚೆಂದರೆ ಸುಲಿಗೆ, ಅದೂ ಇಲ್ಲ, ಹೆಚ್ಚೆಂದರೆ ಕಳವಿನ ಮಾಲು ಇಟ್ಟುಕೊಂಡದ್ದು. 411ಕ್ಕೆ ಗರಿಷ್ಠ ಮೂರು ವರ್ಷ. ಆರು ವರ್ಷ ಜೈಲಿನಲ್ಲಿ ಕಳೆದವನಿಗೆ ಈ ಪರ್ಯಾಯವೇ ಮನೆಯ ದಾರಿ. ಅವನೊಬ್ಬನೇ ಅಪೀಲು ಹಾಕಿದ್ದರೆ ಅದೇ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸಲಾಗದು. ಸರ್ಕಾರ ಪ್ರತ್ಯೇಕ ಅಪೀಲು ಹಾಕಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿಕೊಂಡೇ ವಾದದ ದಾರಿ ಆರಿಸಿ.

ವಾದದ ದಿನ ವಕೀಲರು ಗೈರಾದರೂ ಅಪೀಲನ್ನು ಗೈರುಹಾಜರಿಯ ಕಾರಣಕ್ಕೆ ವಜಾ ಮಾಡುವಂತಿಲ್ಲ, ಗುಣದೋಷದ ಮೇಲೇ ತೀರ್ಮಾನವಾಗಬೇಕು. 1996ರ ಬಾನಿ ಸಿಂಗ್ ತೀರ್ಪು. ಅಪೀಲು ಸೋತರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನ. ಗೆದ್ದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಮೂರನೇ ಆರೋಪಿ ಹಣವಿಲ್ಲದೆ ಅಪೀಲು ಹಾಕಿರುವುದೇ ಇಲ್ಲ, ಅವನ ಮೇಲಿರುವುದೂ ಇದೇ ಜಪ್ತಿ, ಇದೇ ಪಂಚರು. ಅಪೀಲು ಹಾಕದ ಸಹ-ಆರೋಪಿಗೂ ಅದೇ ಲಾಭ ಕೊಟ್ಟ ತೀರ್ಪುಗಳಿವೆ, 2003ರ ಪವನ್ ಕುಮಾರ್ ವಿರುದ್ಧ ಹರಿಯಾಣ ರಾಜ್ಯ ಅವುಗಳಲ್ಲೊಂದು. ಅವನು ಯಾವ ಜೈಲಿನಲ್ಲಿದ್ದಾನೆ, ಕೈದಿ ಸಂಖ್ಯೆ ಏನು ಎಂಬುದನ್ನು ಒಂದು ಮೆಮೊದಲ್ಲಿ ಬರೆದು, ವಾದ ಮುಗಿಸುವ ಮುಂಚೆಯೇ ಪೀಠದ ಮುಂದಿಡಿ.